ಸೋಫಾ ನಡುವೆ, ಪ್ರೊಜೆಕ್ಟರ್ ಮೂಲೆಗೆ

ಗೋಡೆಯ ಕ್ಯಾಲೆಂಡರಿನ ತಾರೀಖು ಸಲೀಸಾಗಿ ಓದಬಹುದು. ಪಕ್ಕದಲ್ಲೇ ಹೊಲಿಗೆ ಮೆಷಿನ್ ತುಳಿಯುತ್ತಿರುವ ಹೆಂಗಸಿನ ಮುಖ ಮಾತ್ರ ಮಂಜು ಮಂಜು. ಇದೆಂಥ ಸಿನಿಮಾ ಅಂತೀರಾ?

ಸಿನಿಮಾ ಚೆನ್ನಾಗಿಯೇ ಇತ್ತು ಸ್ವಾಮಿ. ಕಳೆದ ಭಾನುವಾರ ತೀರ್ಥಹಳ್ಳಿಯ ಸಭಾಭವನವೊಂದರಲ್ಲಿ ಅದರ ಮೊದಲ ಪ್ರದರ್ಶನ. ತೆಗೆದವಳು ಹೊಸನಗರದ ಹೈಸ್ಕೂಲ್ ಟೀಚರ್ ಸುಮಾ. ಅದರಲ್ಲಿರುವುದು ಅವಳ ಅಮ್ಮ ಗಿರಿಜಮ್ಮ, ಊರಿಗೆಲ್ಲ ರವಿಕೆ ಹೊಲಿದುಕೊಟ್ಟವರು. ಸಾಗರದಿಂದ ಪ್ರೊಜೆಕ್ಟರ್ ಹೊತ್ತುಕೊಂಡು ಹೋದವನು ನಾನು. (ಈ ಕಡೆ ಯಾರು ಸಿನಿಮಾ ತೋರಿಸಿದರೂ ನನಗೇ ಫೋನು.)

ಜನ ಬರುವ ಮೊದಲು ಟ್ರಯಲ್ ಹಾಕಿದೆವು. ಎಡಗಡೆ ಫೋಕಸ್ ಮಾಡಿದರೆ ಬಲಗಡೆ ಹೋಯಿತು. ಬಲಗಡೆ ಸರಿಮಾಡಿದರೆ ಎಡಗಡೆ ಹೋಯಿತು. ಗಿರಿಜಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಅದು ನಾನೇನಾ? ಮುಖನೇ ಕಾಣ್ತಿಲ್ವಲ್ಲೇ ಸುಮಾ" ಅಂದರು. ಸುಮಾ ಅಳುವುದೊಂದು ಬಾಕಿ.

ಲೆನ್ಸಿನ ತಪ್ಪಲ್ಲ. ಪ್ರೊಜೆಕ್ಟರ್ ಪರದೆಗೆ ನೇರ ಎದುರು ನಿಲ್ಲಬೇಕು. ನಮ್ಮದು ಮೂಲೆಯಲ್ಲಿತ್ತು. ಓರೆಯಾಗಿ ನಿಂತರೆ ಪರದೆಯ ಒಂದು ತುದಿ ಹತ್ತಿರ, ಇನ್ನೊಂದು ದೂರ. ಎರಡೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ರಿಮೋಟ್ ಒತ್ತಿದರೆ ಚಿತ್ರದ ಸೊಟ್ಟ ನೆಟ್ಟಗಾಗುತ್ತದೆ, ಮಸುಕು ಹೋಗುವುದಿಲ್ಲ. ನಡುವೆಯೇ ಇಡಬಹುದಿತ್ತಲ್ಲ? ಎಲ್ಲಿಂದ! ನಡುವೆ ಸೋಫಾ. ಬಿಳಿ ಟವೆಲ್ ಹೊದ್ದ, ಗಣ್ಯರ ಸೋಫಾ.

ಸಭಾಭವನದ ಕಾರ್ಯದರ್ಶಿಗಳು ರಾಜಿಗೆ ಬಂದರು. ಫೋಕಸ್ ಮಧ್ಯಕ್ಕೆ ಇಟ್ಟುಬಿಡಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಮಸುಕಾದರೆ ಯಾರಿಗೂ ಬೇಜಾರಿಲ್ಲ ಅಂತ. ನೋಡಿ, ನಮ್ಮ ಎಲ್ಲ ಸಮಾರಂಭಗಳೂ ಹೀಗೇ. ದೊಡ್ಡವರ ಕುರ್ಚಿ ಮೊದಲು ನಿಗದಿ. ಮಿಕ್ಕವರೆಲ್ಲ ಅದರ ಸುತ್ತ ಅಡ್ಜಸ್ಟ್ ಮಾಡಿಕೊಳ್ಳಬೇಕು.

ನನಗೆ ಸಿಟ್ಟು ನೆತ್ತಿಗೇರಿತು. ಸೋಫಾ ಸರಿಸದಿದ್ದರೆ ಪ್ರೊಜೆಕ್ಟರ್ ಕಟ್ಟಿಕೊಂಡು ಸಾಗರದ ಬಸ್ ಹತ್ತುತ್ತೇನೆ ಅಂದೆ.

"ಗೆಸ್ಟ್ ಎಂತ ತಿಳ್ಕೊಳ್ತಾರೆ ಮಾರಾಯ್ರೆ?" ಅಂದರು ಕಾರ್ಯದರ್ಶಿಗಳು.

"ಗಿರಿಜಮ್ಮ ಎಂತ ತಿಳ್ಕೊಳ್ತಾರೆ, ಅದನ್ನ ಹೇಳಿ" ಅಂದೆ.

ಸೋಫಾದ ಒಂದು ತುದಿಯನ್ನು ಅವರೇ ಹಿಡಿದರು. (ಪಾಪ, ಕೆಟ್ಟವರಲ್ಲ.)

ಪ್ರೊಜೆಕ್ಟರಿನ ಮೇಜು ನಡುವೆ ಬಂತು. ಕ್ಯಾಲೆಂಡರೂ ಸ್ಪಷ್ಟ, ಗಿರಿಜಮ್ಮನೂ ಸ್ಪಷ್ಟ, ಅವರು ಹಲ್ಲಲ್ಲಿ ಕಚ್ಚಿದ ನೂಲೂ ಸ್ಪಷ್ಟ. ಸಂಜೆ ತುಂಬಿದ ಸಭೆಯಲ್ಲಿ ತಮ್ಮನ್ನೇ ನೋಡಿಕೊಂಡ ಅವರು ಮಗಳ ಕೈ ಹಿಡಿದು, "ಇಷ್ಟೆಲ್ಲ ಸುಕ್ಕು ಬಿದ್ದಿದ್ಯಾ ನಂಗೆ? ಇರ್ಲಿ ಬಿಡು, ಕಾಣ್ಲಿ" ಅಂದರು. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇನು?

ಮತ್ತೆ ಆ ಗಣ್ಯರು? ದೀಪ ಹಚ್ಚಿದರು, ಭಾಷಣ ಮಾಡಿದರು, ಶಾಲು ಹೊದೆಸಿಕೊಂಡರು, ಬೇರೆ ಕಾರ್ಯಕ್ರಮ ಇದೆ ಅಂತ ಸಿನಿಮಾ ಶುರುವಾಗುವ ಮೊದಲೇ ಹೊರಟರು. ಅವರು ನೋಡದ ಸಿನಿಮಾದಲ್ಲಿ ಗಿರಿಜಮ್ಮನ ಮುಖ ಯಾಕೆ ಮಸುಕಾಗಬೇಕಿತ್ತು, ಹೇಳಿ?