ಹುಲ್ಲುಗಾಡಿಯ ಅಳತೆ

ಓವರ್ಸಿಯರ್ ಪುಟ್ಟಸ್ವಾಮಯ್ಯನವರು ಬೀದಿಯನ್ನು ಟೇಪು ಹಿಡಿದು ಅಳೆದವರಲ್ಲ. ಹುಲ್ಲು ಹೇರಿದ ಎರಡು ಗಾಡಿಗಳನ್ನು ಬೀದಿಯ ಆ ತುದಿಯಿಂದೊಂದು, ಈ ತುದಿಯಿಂದೊಂದು ಬಿಡಿಸುತ್ತಿದ್ದರು. ಎರಡೂ ದಾಟಿಹೋದ ಮೇಲೆ ಕೈ ಹಿಂದೆ ಕಟ್ಟಿಕೊಂಡು ಮನೆಮನೆ ಮುಂದೆ ನಡೆದು ಬರುವರು. ಯಾರ ಜಗಲಿಯ ಕಂಬಕ್ಕೆ ಹುಲ್ಲು ಸಿಕ್ಕಿಕೊಂಡಿದೆಯೋ ಅವರ ಜಗಲಿ ಬೀದಿಗೆ ಬಂದಿದೆ ಅಂತ ಲೆಕ್ಕ. "ಕಿತ್ತಾಕು" ಎನ್ನುವರು. ಎರಡನೇ ಮಾತಿಲ್ಲ.

ಹೊಳೆನರಸೀಪುರದ ಹಳೇ ಪೇಟೆಗೆ ಬೆಂಕಿ ಬಿದ್ದದ್ದನ್ನು ನಾನು ಕಂಡಿದ್ದೇನೆ. ಹೊಳೆಯಿಂದ ನೀರು ತಂದ ಗಾಡಿ ಎರಡು ಜಗಲಿಗಳ ನಡುವೆ ಸಿಕ್ಕಿ ನಿಂತಿತು. ಮುಂದಿನ ಮನೆಗಳೆಲ್ಲ ಬೂದಿಯಾದವು. ಆಮೇಲೆ ಊರಾಚೆ ಹೊಸ ಬಡಾವಣೆ ಎದ್ದಿತು. ಅಲ್ಲಿ ಬೀದಿಗಳ ಗೆರೆ ಎಳೆಸಿದವರು ಈ ಪುಟ್ಟಸ್ವಾಮಯ್ಯನವರೇ.

ನಮ್ಮಪ್ಪ ಅಲ್ಲೇ ಮನೆ ಕಟ್ಟಿದರು. ನನ್ನ ಮದುವೆ ಗೊತ್ತಾದಾಗ ಬೀಗರನ್ನು ಕೂರಿಸಬೇಕೆಂದು ಜಗಲಿಯನ್ನು ಬೀದಿಗೆ ಎಳೆದು ಕಂಬ ನಿಲ್ಲಿಸಿದರು. ರಾಮನಾಥಪುರದ ಬೀಗರು ಬಲು ಬಿಗುಮಾನದವರು. ಮಗನ ಮೊದಲ ಸಂಬಂಧವನ್ನು ತಾಂಬೂಲದ ತಟ್ಟೆ ಸಣ್ಣದಾಯಿತೆಂದು ಮುರಿದೆದ್ದು ಬಂದಿದ್ದರು.

ಗಾಡಿಗಳು ಬಂದವು. ನಮ್ಮ ಕಂಬಕ್ಕೆ ಹುಲ್ಲು ಅಂಟಿತು.

"ಮದ್ವೆ ಆಗೋಗ್ಲಿ ಸಾ, ಆಮ್ಯಾಕೆ ನಾನೇ ಕೀಳುಸ್ತೀನಿ" ಎಂದು ಅಪ್ಪ ಕೈಮುಗಿದರು.

"ಆಮ್ಯಾಕೆ ಬಾಣಂತನ ಅಂತೀಯ, ಅದಾದ್ಮೇಲೆ ನಾಮಕರಣ. ಬೆಂಕಿ ನಿನ್ ಲಗ್ನಪತ್ರಿಕೆ ಓದ್ಕಂಡು ಬತ್ತದೇನ್ಲಾ?"

ಅಜ್ಜಿ ಒಳಗಿಂದ ಕೂಗಿದಳು: "ಬೀಗ್ರು ಎಲ್ಲಿ ಕುಂತ್ಕಬೇಕು? ನಿನ್ ತಲೆ ಮ್ಯಾಲಾ?"

"ಬೀದೀಲಿ ಕುಂತ್ಕಳ್ಳಿ ಕಣವ್ವ. ಅದ್ಕೇ ಅಗಲ ಮಾಡ್ಸಿರಾದು."

ಜಗಲಿ ಹಿಂದಕ್ಕೆ ಸರಿಯಿತು. ಮದುವೆಯ ದಿನ ಬೀದಿಯ ಒಂದು ಮಗ್ಗುಲಿಗೆ ಚಪ್ಪರ, ಇನ್ನೊಂದು ಮಗ್ಗುಲು ಗಾಡಿಗೆ. ಬೀಗರು ಜಮಖಾನದ ಮೇಲೆ ಮುಖ ಗಂಟಿಕ್ಕಿಕೊಂಡು ಕೂತರು. ಆಗಲೇ ಒಂದು ಹುಲ್ಲುಗಾಡಿ ಬರಬೇಕೆ! ಹಾದುಹೋಗುವಾಗ ನನ್ನ ಮಾವನಾಗಬೇಕಿದ್ದವರ ಜರಿಪೇಟಕ್ಕೆ ಹುಲ್ಲು ಸಿಕ್ಕಿಕೊಂಡಿತು. ವಾಲಗದವರೂ ನಿಲ್ಲಿಸಿಬಿಟ್ಟರು.

ಉಣ್ಣಲು ಬಂದಿದ್ದ ಪುಟ್ಟಸ್ವಾಮಯ್ಯನವರು ಮುಂದೆ ಬಂದು ಪೇಟವನ್ನೇ ದಿಟ್ಟಿಸಿದರು. "ಸಾ, ಪೇಟ ಬೀದಿಗೆ ಬಂದದೆ. ಒಂದು ಗೇಣು ಇಂದಕ್ಕೆ ಸರೀಬೇಕು."

ಮುಖದಲ್ಲಿ ನಗುವಿರಲಿಲ್ಲ. ಅಂಥ ಬೀಗರೇ ಹೊಟ್ಟೆ ಹಿಡಿದು ನಕ್ಕು, ಜಮಖಾನ ಎಳೆದುಕೊಂಡು ಹಿಂದೆ ಸರಿದರು. ದೇವರ ಮುಂದೆ ನಿಂತಾಗಲೂ ನನಗೆ ಮೈ ಜುಮ್ಮೆಂದದ್ದು ಕಡಿಮೆ; ಅವತ್ತು ಹಸೆಮಣೆಯ ಮೇಲೆ ಜುಮ್ಮೆಂದಿತು.

ನಾಲ್ಕಾರು ವರ್ಷದ ಮೇಲೆ ನಾನು ತವರಿನಲ್ಲಿದ್ದಾಗ ಪುಟ್ಟಸ್ವಾಮಯ್ಯನವರು ತೀರಿಕೊಂಡರು. ಚಟ್ಟ ನಮ್ಮ ಬೀದಿಯಲ್ಲೇ ಹೊರಟಿತು. ಎದುರಿಗೆ ಹುಲ್ಲುಗಾಡಿ. ಗಾಡಿಯವನು ಗಾಬರಿಯಾಗಿ ಎತ್ತುಗಳ ಹಗ್ಗ ಜಗ್ಗಿದ.

"ಬಾರ್ಲಾ, ಜಾಗ ಅದೆ" ಎಂದರು ಹೊತ್ತವರು.

ಚಟ್ಟವೂ ನಿಲ್ಲಲಿಲ್ಲ, ಗಾಡಿಯೂ ನಿಲ್ಲಲಿಲ್ಲ. ಎರಡೂ ದಾಟಿಹೋದ ಮೇಲೆ ನಾನು ಹೊರಗೆ ಬಂದು ನಮ್ಮ ಕಂಬವನ್ನು ಕೈಯಿಂದ ಸವರಿ ನೋಡಿದೆ. ಒಂದೆಳೆ ಹುಲ್ಲೂ ಇರಲಿಲ್ಲ.