ನಾಟಕದ ಮಾಸ್ತರನೂ ನಳದ ಲೆಕ್ಕವೂ

ನಾಟಕ ಬರೆದವನು ಮರುದಿನ ಚಾ ಕುಡಿಯಲು ಹೊರಗೆ ಹೋಗಬಾರದು. ಇದು ಅನುಭವದ ಮಾತು. ಶಹಾಪುರದಲ್ಲಿ ಮೂವತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ನನ್ನ ಪಾಠದ ಬಗ್ಗೆ ಈವರೆಗೆ ಒಬ್ಬನೂ ಅಭಿಪ್ರಾಯ ಹೇಳಿಲ್ಲ. ಒಂದೇ ಒಂದು ನಾಟಕ ಆಡಿದೆ ನೋಡಿ, ಊರಿಗೆ ಊರೇ ವಿಮರ್ಶೆಗೆ ಇಳಿಯಿತು.

ನಾಟಕ ಒಬ್ಬ ಆದರ್ಶ ಮಾಸ್ತರರದು. ಆ ಪಾತ್ರವೂ ನನ್ನದೇ. ಬೇರೆ ಯಾರೂ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜವೆಂದರೆ ಯಾರನ್ನೂ ಕೇಳಿರಲೇ ಇಲ್ಲ. ಮೊದಲ ದೃಶ್ಯದಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಲೆಕ್ಕವೊಂದನ್ನು ಕೇಳುತ್ತಾಳೆ: ಒಂದು ನಳ ಟಾಕಿಯನ್ನು ಮೂರು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ಆರು ತಾಸಿನಲ್ಲಿ, ಎರಡನ್ನೂ ಒಮ್ಮೆಲೇ ಬಿಟ್ಟರೆ ಎಷ್ಟು ಹೊತ್ತು? ಆಗ ನಾನು ಧೋತರದ ಚುಂಗು ಹಿಡಿದು, ‘ಮಗಳೇ, ಬದುಕೇ ಒಂದು ಟಾಕಿ’ ಎಂದು ಶುರುಮಾಡಿ ಹನ್ನೆರಡು ನಿಮಿಷ ಮಾತಾಡುತ್ತೇನೆ. ಅದನ್ನು ಬರೆಯಲು ನನಗೆ ಎರಡು ತಿಂಗಳು ಹಿಡಿದಿತ್ತು.

ಮರುದಿನ ಮುಂಜಾನೆ ಹೋಟೆಲಿನ ಶರಣಪ್ಪ ಮಂಡಕ್ಕಿ ಸುಸಲಾದ ತಾಟು ಇಡುತ್ತಲೇ, “ಸರ್, ಆ ಟಾಕಿ ಮಾತಿಗೆ ಕಣ್ಣಾಗ ನೀರ ಬಂದ್ವು ನೋಡ್ರಿ,” ಎಂದ. ನಾನು ಉಬ್ಬುವಷ್ಟರಲ್ಲಿ ಪಕ್ಕದ ಮೇಜಿನಿಂದ ಒಬ್ಬರು, “ಹಾಡಿಲ್ಲ, ಕುಣಿತಿಲ್ಲ, ಇದೆಂಥ ನಾಟಕರೀ?” ಎಂದರು. ಹುಣಸಗಿಯಿಂದ ಬಂದಿದ್ದ ಹತ್ತಿ ವ್ಯಾಪಾರಿಗೆ ನನ್ನ ಮಾಸ್ತರ ಅತಿ ಒಳ್ಳೆಯವನಾಗಿಬಿಟ್ಟಿದ್ದ. “ಒಂದ ಏಟರ ಹೊಡೀಬೇಕಿತ್ರಿ. ಹೊಡೀಲಾರದ ಮಾಸ್ತರನ್ನ ಯಾರು ನಂಬ್ತಾರ?” ಮನೆಗೆ ಬಂದರೆ ನಮ್ಮಾಕೆಯದು ಬೇರೆಯೇ ರಾಗ: “ಮನ್ಯಾಗ ಇಷ್ಟು ಸಮಾಧಾನದಿಂದ ಮಾತಾಡಿದ್ದು ನಾ ಎಂದೂ ಕಂಡಿಲ್ಲ ಬಿಡ್ರಿ.”

ನಮ್ಮ ಹಳೆಯ ಕಾವ್ಯಶಾಸ್ತ್ರದವರು ‘ಸಹೃದಯ’ ಎಂಬೊಬ್ಬ ಪ್ರೇಕ್ಷಕನನ್ನು ಕಲ್ಪಿಸಿಕೊಂಡಿದ್ದಾರೆ. ಕವಿಯ ಮನಸ್ಸನ್ನೇ ತನ್ನ ಮನಸ್ಸಾಗಿಸಿಕೊಂಡು ರಸದಲ್ಲಿ ಮುಳುಗುವವನಂತೆ. ಅವರ ಕಾಲದಲ್ಲಿ ಹೋಟೆಲುಗಳಿರಲಿಲ್ಲ, ಪುಣ್ಯವಂತರು. ಆದರೂ ಈ ಮಾತುಗಳಿಗೆಲ್ಲ ನಾನು ಜಗ್ಗಲಿಲ್ಲ. ಹತ್ತು ಮಂದಿ ಹತ್ತು ಥರ ಅಂದರೆ ನಾಟಕ ಜೀವಂತ ಇದೆ ಎಂದೇ ಅರ್ಥ. ನನ್ನನ್ನು ಚುಚ್ಚಿದ್ದು ಒಬ್ಬರದೇ ಮಾತು.

ಅವರು ಬಸಲಿಂಗಪ್ಪ ಮಾಸ್ತರರು. ರಾಮಸಮುದ್ರದಲ್ಲಿ ನನಗೆ ಲೆಕ್ಕ ಕಲಿಸಿದವರು, ಈಗ ಎಂಬತ್ತು ದಾಟಿದವರು. ನಾಟಕ ಬರೆದದ್ದೇ ಅವರ ಮೇಲೆ. ಅವರು ಯಾರಿಗೂ ಶಾಬಾಶ್ ಅಂದವರಲ್ಲ. ಉತ್ತರ ಸರಿಯಾದರೆ “ಕುಂದ್ರು” ಅನ್ನುತ್ತಿದ್ದರು, ಅಷ್ಟೇ. ತಪ್ಪಾದರೆ ಏನೂ ಅನ್ನುತ್ತಿರಲಿಲ್ಲ. ನಾವು ನಿಂತೇ ಇರಬೇಕು, ಅವರು ಮತ್ತೊಮ್ಮೆ ತಿಳಿಸಿ ಹೇಳಿ, ತಿಳಿದ ಮೇಲೆಯೇ ಕೂಡಬೇಕು. ಆ ‘ಕುಂದ್ರು’ ಎಂಬ ಒಂದು ಮಾತಿಗಾಗಿ ನಾನು ಗಣಿತ ಕಲಿತೆ ಎಂದರೂ ತಪ್ಪಲ್ಲ.

ಶಹಾಪುರದ ಆಟ ಮುಗಿದೊಡನೆ, ಬಣ್ಣ ಕೂಡ ಒರೆಸಿಕೊಳ್ಳದೆ ಅವರ ಮುಂದೆ ಹೋಗಿ ಕೈಮುಗಿದು ನಿಂತಿದ್ದೆ. ಪಕ್ಕದ ಕುರ್ಚಿ ಖಾಲಿ ಇತ್ತು. ಅವರು ಚಷ್ಮಾ ಒರೆಸಿಕೊಂಡು, “ಆ ಹುಡಿಗಿ ಇನ್ನಾ ನಿಂತಾಳಲ್ಲೋ?” ಎಂದರು.

“ಯಾವ ಹುಡಿಗಿರೀ ಸರ್?”

“ಲೆಕ್ಕ ಕೇಳಿದಾಕಿ. ನೀ ಭಾಷಣ ಮಾಡಿದಿ, ಮಂದಿ ಅತ್ತರು. ಆಕಿ ಲೆಕ್ಕ ಏನಾತು?”

ಕುರ್ಚಿ ಖಾಲಿಯೇ ಉಳಿಯಿತು. ನನಗೆ ಸಿಟ್ಟೇ ಬಂತು. ಮುದುಕರಿಗೆ ನಾಟಕದ ಮರ್ಮ ಏನು ತಿಳಿಯಬೇಕು ಎಂದುಕೊಂಡು ಮನೆಗೆ ಬಂದೆ.

ಸೋಮವಾರ ತರಗತಿಯಲ್ಲಿ ಹಿಂದಿನ ಸಾಲಿನ ಮಹಾದೇವಿ ಎದ್ದು, “ಸರ್, ಇದು ಹೆಂಗ ಬಂತ್ರಿ?” ಎಂದು ಬೋರ್ಡು ತೋರಿಸಿದಳು. “ಅದು ಪರೀಕ್ಷಾಕ್ಕ ಬರಂಗಿಲ್ಲ, ಕುಂದ್ರು,” ಎಂದೆ. ಪಾಪ, ಕುಳಿತಳು. ಆಮೇಲೆ ನನ್ನ ಬಾಯಲ್ಲಿ ಬಂದದ್ದು ಯಾರ ಮಾತು ಎಂದು ಹೊಳೆಯಿತು. ಮಾಸ್ತರರು ತಿಳಿದವರನ್ನು ಕೂಡಿಸುತ್ತಿದ್ದರು; ನಾನು ಕೇಳಿದವರನ್ನು ಕೂಡಿಸುತ್ತಿದ್ದೆ, ಮೂವತ್ತು ವರ್ಷದಿಂದ. ಬಹಳ ನಾಚಿಕೆಯಾಯಿತು. “ಏಳವ್ವ ಮಹಾದೇವಿ,” ಎಂದು ಮತ್ತೆ ಮೊದಲಿನಿಂದ ಹೇಳಿದೆ. ಆ ದಿನ ಪಾಠ ಮುಂದೆ ಹೋಗಲೇ ಇಲ್ಲ.

ಮುಂದಿನ ಆಟ ಸುರಪುರದಲ್ಲಿ; ಅಲ್ಲಿ ಹನ್ನೆರಡು ನಿಮಿಷದ ಭಾಷಣಕ್ಕೆ ಕತ್ತರಿ ಹಾಕಿದೆ. ಬೋರ್ಡಿನ ಮೇಲೆ ಟಾಕಿ ಬರೆದು ಲೆಕ್ಕ ಶುರುಮಾಡಿದ್ದೇ ತಡ, ಮಂದಿಯಿಂದ ಕೂಗು ಬಂತು: “ನಾಕೂವರಿ ತಾಸು!” “ಒಂಬತ್ತು!” ಕಾಲುವೆಯ ತುದಿಯಲ್ಲಿ ಹೊಲವಿದ್ದವರಿರಬೇಕು, ಒಬ್ಬರು, “ಮೊದಲ ನೀರರ ಬರಲಿ ತಗೀರಿ ಸರ್!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಮುಂದುವರಿಸಿದೆ: ತಾಸಿಗೆ ಒಂದು ನಳ ಮೂರನೆಯ ಒಂದು ಪಾಲು ತುಂಬಿದರೆ, ಇನ್ನೊಂದು ಆರನೆಯ ಒಂದು ಪಾಲು, ಎರಡೂ ಸೇರಿದರೆ ಅರ್ಧ ಟಾಕಿ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು, “ಎರಡ ತಾಸು!” ಎಂದು ಕೂಗಿದಳು. ಚಪ್ಪಾಳೆ ಬಿದ್ದದ್ದು ಆಕೆಗೆ, ನನಗಲ್ಲ.

ಅಭಿಪ್ರಾಯಗಳೇನೂ ಒಂದಾಗಲಿಲ್ಲ. ಅಳಲೆಂದೇ ಬೀಗರನ್ನು ಕರೆತಂದಿದ್ದ ಶರಣಪ್ಪ, “ಆ ಟಾಕಿ ಮಾತು ಯಾಕ ತಗದ್ರಿ ಸರ್? ನಮ್ಮ ಮರ್ಯಾದಿ ಹೋತು,” ಎಂದು ಮುನಿಸಿಕೊಂಡ. ಹತ್ತಿ ವ್ಯಾಪಾರಿ ಇನ್ನೂ ಏಟಿನ ನಿರೀಕ್ಷೆಯಲ್ಲೇ ಇದ್ದರು.

ಬಸಲಿಂಗಪ್ಪ ಮಾಸ್ತರರು ಬಸ್ಸು ಬದಲಿಸಿ ಅಲ್ಲಿಗೂ ಬಂದಿದ್ದರು. ಹೋಗಿ ಕೈಮುಗಿದು ನಿಂತೆ. ಏನೂ ಅನ್ನಲಿಲ್ಲ. ಐದನೆಯ ಇಯತ್ತೆಯ ಹುಡುಗನಂತೆ ನಿಂತೇ ಇದ್ದೆ. ಅವರು ನಿಧಾನಕ್ಕೆ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಕುಂದ್ರು,” ಎಂದರು.

ಕುಳಿತೆ. ಸುಳ್ಳೇಕೆ ಹೇಳಲಿ, ಕಾಲುಗಳೂ ನೋಯುತ್ತಿದ್ದವು.