ಮೈನಸ್ಸಣ್ಣ ಬಿಚ್ಚಿದ ತಂತಿ

ನಮ್ಮ ಶೆಡ್ಡುಗಳ ಸಾಲಿನಲ್ಲಿ ಅವನನ್ನು ಹುಟ್ಟುಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮೈನಸ್ಸಣ್ಣ ಅಂದರೆ ಮಾತ್ರ ತಿರುಗಿ ನೋಡುತ್ತಾನೆ. ಯಾವ ಗಾಡಿಯೇ ಬಂದು ನಿಲ್ಲಲಿ, ಸ್ಪ್ಯಾನರ್ ಕೈಗೆತ್ತಿಕೊಂಡವನೇ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಪಕ್ಕಕ್ಕೆ ಮಡಚಿಡುತ್ತಾನೆ. ಉಳಿದ ಮಾತೆಲ್ಲ ಆಮೇಲೆ. ಪ್ರಾಯದಲ್ಲಿ ಒಮ್ಮೆ ಬಿಚ್ಚದೆ ಕೈ ಹಾಕಿದ್ದ. ಕೈಗಡಿಯಾರದ ಉಕ್ಕಿನ ಪಟ್ಟಿ ಸ್ಟಾರ್ಟರ್ ತಂತಿಗೆ ತಾಗಿ, ಕರೆಂಟು ಹರಿದು ಕೆಂಡದಂತೆ ಕಾಯಿತು. ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಸುಟ್ಟ ಗುರುತು ಈಗಲೂ ಇದೆ. ಆವತ್ತಿನಿಂದ ಆ ಕೈಗೆ ಯಾರೂ ಬುದ್ಧಿ ಹೇಳಬೇಕಾಗಿ ಬಂದಿಲ್ಲ.

ಅವನ ಶೆಡ್ಡಿಗೆ ಅಂಟಿಕೊಂಡದ್ದು ನನ್ನ ವೆಲ್ಡಿಂಗ್ ಶೆಡ್ಡು. ನಾವಿಬ್ಬರೂ ಕಲಿತದ್ದು ಕೈ ಸುಟ್ಟುಕೊಂಡೇ. ಅದರಲ್ಲಿ ನನಗೇನೂ ನಾಚಿಕೆಯಿಲ್ಲ. ಅವನ ಕಸುಬು ಮಣ್ಣು ಅಗೆಯುವ ಹಳೇ ಎಕ್ಸ್‌ಕವೇಟರ್‌ಗಳ ರಿಪೇರಿ. ಕಾಗದದಲ್ಲಿ ಹಾಗೆ ಬರೆಯುತ್ತಾರೆ, ಗಾಲಿಯ ಬದಲು ಉಕ್ಕಿನ ಚೈನಿನ ಮೇಲೆ ಓಡುವುದರಿಂದ ನಮ್ಮ ಬಾಯಲ್ಲಿ ಅದು ಚೈನ್ ಗಾಡಿ. ಹಿಂದಿನ ಎಂಜಿನ್ನು ಕೆಟ್ಟರೆ ಹೊಗೆ ಕಾರಿ, ಕೆಮ್ಮಿ, ಬೀದಿಗೆಲ್ಲ ಕೇಳುವಂತೆ ಗೋಳು ಹೇಳಿಕೊಳ್ಳುತ್ತಿತ್ತು. ಈಗಿನದು ಹಾಗಲ್ಲ. ಸಿಟ್ಟು ಬಂದ ಸೊಸೆಯ ಹಾಗೆ ಪರದೆಯ ಮೇಲೆ ಒಂದು ಅಂಕಿ ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಅಂಕಿಗೆ ಕೋಡ್ ಅನ್ನುತ್ತಾರೆ. ಯಾವ ಸೆನ್ಸರು ಮುನಿಸಿಕೊಂಡಿದೆ, ಯಾವ ತಂತಿ ಕೈಕೊಟ್ಟಿದೆ ಅನ್ನುವುದು ಆ ಕೋಡಿನಲ್ಲೇ ಇರುತ್ತದೆ. ಅದನ್ನು ಓದುವ ಯಂತ್ರವೊಂದನ್ನು ಮೈನಸ್ಸಣ್ಣ ತರಿಸಿ, ಹೆಂಡತಿಯ ಹತ್ತಿರ ಬೈಸಿಕೊಂಡು, ತಾನೇ ಒದ್ದಾಡಿ ಕಲಿತ.

ಅವನ ಅಕ್ಕನ ಗಂಡ, ಅಂದರೆ ಭಾವ, ಜೀವಮಾನವಿಡೀ ಕಂಡವರ ಚೈನ್ ಗಾಡಿ ನಡೆಸಿದವನು. ಊಟಕ್ಕೆ ಇಳಿಯಲಿಕ್ಕೂ ಇನ್ನೊಬ್ಬರ ಮುಖ ನೋಡಬೇಕಾದ ಬಾಳು. ಕಡೆಗೊಂದು ದಿನ, "ಇನ್ಮೇಲೆ ಇನ್ನೊಬ್ಬರ ಸೀಟಲ್ಲಿ ಕೂರಲ್ಲ" ಅಂತ ಎಲ್ಲರ ಮುಂದೆ ಹೇಳಿ ಸೆಕೆಂಡ್‌ಹ್ಯಾಂಡ್ ಗಾಡಿಯೊಂದನ್ನು ತಗೊಂಡ. ನೋಡಿ ಒಪ್ಪಿದವನು ಮೈನಸ್ಸಣ್ಣನೇ. ಮಾರುವವರು ಮೊದಲೇ ಎಂಜಿನ್ನು ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ, ತಣ್ಣಗಿರುವಾಗಿನ ತೊಂದರೆ ಕಾಣಬಾರದಲ್ಲ. ಇವನು ಹೇಳದೆ ಕೇಳದೆ ಬೆಳಿಗ್ಗೆಯೇ ಹೋಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟು, ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡೇ ಸ್ಟಾರ್ಟ್ ಮಾಡಿಸಿದ. ಒಂದೇ ಕೀಲಿಗೆ ಎದ್ದಿತು. ಪರದೆ ಶುಭ್ರ. ಮಾರಿದವನೂ ಒಂದು ಮಾತು ಕೊಟ್ಟ: ತಿಂಗಳೊಳಗೆ ಕೋಡ್ ಬಂದರೆ ನನ್ನ ಕಡೆಯವನು ಬಂದು ಕಣ್ಣಾರೆ ನೋಡಲಿ, ಗಾಡಿ ವಾಪಸ್ ತಗೊಳ್ತೀನಿ.

ಕೋಡ್ ಬಂತು. ದಿಬ್ಬದ ಇಳಿಜಾರಲ್ಲಿ ಮಣ್ಣು ಕಡಿಯುತ್ತಿದ್ದಾಗ ಎಂಜಿನ್ನು ಕುಸಿದು ನಿಂತಿತು. ಹಳದಿ ದೀಪ ಉರಿದು ಪರದೆಯಲ್ಲಿ ಅಂಕಿ ಮೂಡಿತು. ಭಾವ ಫೋನ್ ಮಾಡಿದ. "ಕೀ ಆಫ್ ಮಾಡ್ಬೇಡಿ ಭಾವ, ಏನೂ ಮುಟ್ಬೇಡಿ, ಬಂದೆ" ಅಂದವನೇ ಮೈನಸ್ಸಣ್ಣ ಬ್ಯಾಗು ಹೆಗಲಿಗೇರಿಸಿದ. ಮಾರಿದವನ ಕಡೆಯವನೂ ಹೊರಟಿದ್ದ. ತಮಾಷೆ ನೋಡುವ ಚಪಲಕ್ಕೆ ನಾನೂ ಹಿಂದೆ ಹೋದೆ.

ಏನೂ ಮುಟ್ಟಬೇಡಿ ಅಂದವನು ಅವನೇ. ಹೋಗುತ್ತಲೇ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಬ್ಯಾಗು ಇಳಿಸಿದ, ಪಕ್ಕದ ಮುಚ್ಚಳ ತೆರೆದ, ಕೈ ತಾನಾಗಿ ಬ್ಯಾಟರಿಗೆ ಹೋಯಿತು. ಕಣ್ಣು ಮಿಟುಕಿಸುವುದರೊಳಗೆ ಮೈನಸ್ ತಂತಿ ಬಿಚ್ಚಿ ಮಡಚಿಟ್ಟಾಗಿತ್ತು.

"ಏಯ್, ಪರದೆ ಆರಿಹೋಯ್ತಲ್ಲೋ!" ಮೇಲಿನಿಂದ ಭಾವ ಕೂಗಿದ.

ಸ್ಪ್ಯಾನರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಕೆಲವು ಗಾಡಿಗಳಿಗೆ ತಂತಿ ಬಿಚ್ಚಿದರೂ ಕೋಡಿನ ನೆನಪು ಉಳಿಯುತ್ತದೆ, ಈ ಜಾತಿಯದಕ್ಕೆ ಒರೆಸಿದ ಸ್ಲೇಟಿನಂತೆ ಎಲ್ಲ ಹೋಗುತ್ತದೆ. ಅದನ್ನು ಅವನು ಚೆನ್ನಾಗಿ ಬಲ್ಲ. ತಲೆಗೆ ಗೊತ್ತಿದ್ದದ್ದನ್ನು ಕೈ ಕೇಳಬೇಕಲ್ಲ.

"ಏನಿತ್ತು ಭಾವ ಅಂಕಿ?"

"ಮೊದಲಿಗೆ ಮೂರಿತ್ತು. ಕೊನೆಗೆ ಏಳೋ, ಒಂದೋ. ನೀನು ಬಂದು ಓದ್ತೀಯಲ್ಲ ಅಂತ ಸರಿಯಾಗಿ ನೋಡ್ಲಿಲ್ಲ ಕಣೋ."

ಭಾವನ ಫೋನು ಕಿಸೆಯಲ್ಲೇ ಇತ್ತು. ಒಂದು ಫೋಟೋ ಹೊಡೆಯುವ ಬುದ್ಧಿ ಅವನಿಗೂ ಹೊಳೆದಿರಲಿಲ್ಲ.

ತಂತಿ ಜೋಡಿಸಿ ಕೀಲಿ ತಿರುಗಿಸಿದರೆ ಆ ಹಾಳು ಎಂಜಿನ್ನು ಕೂಸು ನಕ್ಕ ಹಾಗೆ ಎದ್ದಿತು. ಮಾರಿದವನ ಕಡೆಯವನು ಬಂದು ತನ್ನ ಯಂತ್ರ ಜೋಡಿಸಿ ನೋಡಿದ.

"ಏನೂ ಇಲ್ವಲ್ಲಣ್ಣ?"

"ಇತ್ತು."

"ಈಗ ಇಲ್ವಲ್ಲ."

"ನಾನೇ ಅಳಿಸಿಬಿಟ್ಟೆ ಕಣಪ್ಪ."

ಆ ಮನುಷ್ಯ ಒಳ್ಳೆಯವನೇ. ಗಾಡಿ ಬೆವರುವಷ್ಟು ಹೊತ್ತು ಮಣ್ಣು ಕಡಿಸಿ ನೋಡಿದ. ಕೆಮ್ಮಲಿಲ್ಲ, ಕ್ಯಾಕರಿಸಲಿಲ್ಲ. ಮತ್ತೆ ಬಂದರೆ ಕರೆಯಿರಿ ಅಂದು ಹೊರಟ. ಕಾಣದ್ದನ್ನು ಕಂಡೆ ಅನ್ನು ಅಂತ ಅವನನ್ನು ಒತ್ತಾಯಿಸುವುದಾದರೂ ಹೇಗೆ?

ಆಮೇಲೆ ಶುರುವಾಯಿತು ಕಾಯುವ ಕೆಲಸ. ಭಾವ ಗಾಡಿ ನಡೆಸಿದಲ್ಲೆಲ್ಲ ಮೈನಸ್ಸಣ್ಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆ ಕಾದ. ತಂತಿಗಳನ್ನು ಒಂದೊಂದಾಗಿ ಅಲುಗಾಡಿಸಿದ, ನೀರು ಚಿಮುಕಿಸಿದ, ಬಿಸಿಗಾಳಿ ಊದಿದ. ಗಾಡಿ ಕೆಡಲಿ ದೇವರೇ ಅಂತ ಬೇಡಿಕೊಂಡ ಮೆಕ್ಯಾನಿಕ್ಕನ್ನು ನಾನು ನೋಡಿದ್ದು ಅವನೊಬ್ಬನನ್ನೇ. ಅದೋ, ಮೊಂಡು ಬಿದ್ದು ಚೆನ್ನಾಗಿಯೇ ಇತ್ತು.

"ಸುಟ್ಟ ಕೈ ಅದು, ಹೆದರಿಕೆಗೆ ಬಿಚ್ಚಿತು. ಅದಕ್ಯಾಕೆ ಇಷ್ಟು ಕೊರಗ್ತೀಯ?" ಟೀ ತಂದ ಅಕ್ಕ ಅಂದಳು.

"ನೀನೂ ಬೈಯಲ್ಲ, ಭಾವನೂ ಬೈಯಲ್ಲ. ಯಾರಾದ್ರೂ ಎರಡು ಬಿಗಿದಿದ್ರೆ ನೆಮ್ಮದಿಯಾಗಿ ನಿದ್ದೆನಾದ್ರೂ ಬರ್ತಿತ್ತಕ್ಕ."

ತಿಂಗಳು ಕಳೆಯಿತು. ಅದಾದ ವಾರಕ್ಕೇ, ಚರಂಡಿ ತೋಡುತ್ತಿದ್ದಾಗ, ತುಂಬಿದ ಬಕೆಟ್ಟು ಕೆಲಸದವರ ತಲೆಯ ಮೇಲಿಂದ ತಿರುಗುವ ಹೊತ್ತಿಗೆ ಎಂಜಿನ್ನು ಸತ್ತಿತು. ಬಕೆಟ್ಟು ತೂಗಾಡಿ ನಿಂತಿತು. ಕೆಳಗಿದ್ದವರು ಓಡಿ ಬದುಕಿದರು. ಭಾವ ಇಳಿದು ಚೈನಿನ ಮೇಲೆ ಕೂತು ನೀರು ಕೇಳಿದ.

ಈ ಸಲ ಮೈನಸ್ಸಣ್ಣ ಅಂಕಿ ಓದಿದ. ಡೀಸೆಲ್ ಒತ್ತಡ ಅಳೆಯುವ ಸೆನ್ಸರಿನದು. ಸೆನ್ಸರ್ ಬದಲಿಸಿದ, ತಂತಿ ಬದಲಿಸಿದ. ಒಂದೆರಡು ದಿನ ಓಡಿ ಇನ್ನೊಂದು ಅಂಕಿ ತೋರಿಸಿ ನಿಂತಿತು. ಅದನ್ನು ಸರಿ ಮಾಡಿದರೆ ಮತ್ತೊಂದು. ಗಾಡಿಯ ಹೊಟ್ಟೆಯೊಳಗಿನ ತಂತಿಗಳ ಕಟ್ಟೇ ಒಳಗೊಳಗೆ ಕೊಳೆತಿತ್ತು. ಆ ಕಟ್ಟನ್ನು ಈಗ ಎಲ್ಲೂ ತಯಾರಿಸುವುದಿಲ್ಲ. ಹಳೆಯದನ್ನು ಬಿಡಿಸಿ ಮಗ್ಗದವನಂತೆ ಎಳೆ ಎಳೆ ಹೊಸೆದ. ಗಾಡಿ ಓಡಿತು, ನಿಂತಿತು. ಮಾರಿದವನಿಗೆ ಫೋನ್ ಮಾಡಿದ. "ಮಾತು ತಿಂಗಳದ್ದು, ನಿಮಗೇ ಗೊತ್ತಲ್ಲಣ್ಣ" ಅಂದ ಅವನು, ಮೆತ್ತಗೆ.

ಭಾವ, "ಕೆಳಗೆ ಜನ ಇರ್ತಾರೆ. ಇದರ ಮೇಲೆ ಕೂರೋಕೆ ಧೈರ್ಯ ಸಾಲಲ್ಲ ನಂಗೆ" ಅಂದ. ಇನ್ನೊಬ್ಬರಿಗೆ ದಾಟಿಸಿಬಿಡು ಅಂತ ಯಾರೋ ಹೇಳಿದ್ದಕ್ಕೆ, "ಅವನ ಕೆಳಗೆ ಜನ ಇರಲ್ವಾ?" ಅಂತ ಕೇಳಿ ಬಾಯಿ ಮುಚ್ಚಿಸಿದ.

ಆ ಗಾಡಿ ಈಗ ನಮ್ಮ ಎರಡು ಶೆಡ್ಡುಗಳ ನಡುವೆ ತೋಳು ಮಡಚಿ ನಿಂತಿದೆ. ಬೆಳಿಗ್ಗೆ ಮೈನಸ್ಸಣ್ಣ ಬೇರೆ ಕೆಲಸ ಮುಟ್ಟುವ ಮುಂಚೆ ಅದರ ಕೀಲಿ ತಿರುಗಿಸಿ, ಎಂಜಿನ್ನು ಎಬ್ಬಿಸಿ ಪರದೆ ನೋಡುತ್ತಾನೆ. ನಾನೂ ವೆಲ್ಡಿಂಗ್ ನಿಲ್ಲಿಸಿ ನೋಡುತ್ತೇನೆ. ನೋಡುವುದು ಬಿಟ್ಟು ನಮ್ಮಿಬ್ಬರಿಗೂ ಬೇರೇನೂ ತೋಚಿಲ್ಲ.

ಅದೇ ಹೊತ್ತಿಗೆ ಭಾವ ಊಟದ ಡಬ್ಬಿ ಹಿಡಿದು ಕಂಡವರ ಗಾಡಿ ಹತ್ತಲು ಹೊರಟಿರುತ್ತಾನೆ. ದಾರಿಯಲ್ಲಿ ನಿಂತು ತನ್ನ ಗಾಡಿಯ ಚೈನಿಗೊಂದು ತಟ್ಟು ತಟ್ಟಿ ಕೇಳುತ್ತಾನೆ:

"ಏನಂತೋ ಇವತ್ತು?"

"ಏನೂ ಅನ್ತಿಲ್ಲ ಭಾವ. ಸುಮ್ನೆ ಓಡ್ತಿದೆ."